ಮೆದುಳಿನ ರಕ್ತನಾಳ ತೋರಿಸಿದ ಎಗಾಸ್ ಮೊನಿಜ್: ಕಿಡ್ನಿ ತೊಂದರೆ ಇರುವವರಿಗೆ ಅವರ ಬದುಕಿನ ಪಾಠ

ನಿಮಗೆ ಅಥವಾ ನಿಮ್ಮ ಮನೆಯವರಿಗೆ ಕಿಡ್ನಿ ತೊಂದರೆ ಇದೆ. ಈಗ ವೈದ್ಯರು ಆಂಜಿಯೋಗ್ರಾಂ ಮಾಡಿಸಬೇಕು ಎಂದಿದ್ದಾರೆ. ಡೈ ಹಾಕಿದರೆ ಇರುವ ಕಿಡ್ನಿಯೂ ಹೋಗುತ್ತದೆ ಎಂದು ಯಾರೋ ಹೆದರಿಸಿದ್ದಾರೆ. ಬೇರೆ ಡೈ ಇದೆಯಂತೆ, ಅದನ್ನೇ ಕೇಳಿ ಎಂದು ಇನ್ನೊಬ್ಬರು ಹೇಳಿದ್ದಾರೆ. ಬೀದರ್, ಕಲಬುರಗಿ, ರಾಯಚೂರು ಕಡೆಯ ಅನೇಕ ಕುಟುಂಬಗಳಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಅಲ್ಲಿಯ ಮಾದಾಪುರದ ಆಸ್ಪತ್ರೆಗಳಿಗೆ ಫೈಲು ಹಿಡಿದು ಹೊರಡುವಾಗ ಈ ಎರಡು ಮಾತುಗಳೂ ಮನಸ್ಸಿನಲ್ಲಿ ಕೊರೆಯುತ್ತಲೇ ಇರುತ್ತವೆ.

ಇವೆರಡರಲ್ಲೂ ಸ್ವಲ್ಪ ನಿಜವಿದೆ, ಸ್ವಲ್ಪ ಅತಿಯೂ ಇದೆ. ಅದನ್ನು ಬಿಡಿಸಿಕೊಳ್ಳಲು ರಕ್ತನಾಳಗಳ ಚಿತ್ರ ತೆಗೆಯುವ ವಿದ್ಯೆಗೆ ದಾರಿ ಹಾಕಿದ ಪೋರ್ಚುಗಲ್ ದೇಶದ ವೈದ್ಯ ಎಗಾಸ್ ಮೊನಿಜ್ ಅವರ ಬದುಕನ್ನು ತಿಳಿಯುವುದು ಒಳ್ಳೆಯದು. ಯಾವ ದ್ರವವನ್ನು ರಕ್ತನಾಳಕ್ಕೆ ಹಾಕಿದರೆ ಚಿತ್ರ ಬರುತ್ತದೆ, ಯಾವುದು ರೋಗಿಗೆ ತಡೆಯುತ್ತದೆ ಎಂಬ ಹುಡುಕಾಟವನ್ನು ಅವರು ವರ್ಷಗಟ್ಟಲೆ ನಡೆಸಿದರು. ಅವರಿಗೆ ಸಿಕ್ಕ ಗೆಲುವು ಇಂದಿಗೂ ನಮ್ಮ ಕೈಹಿಡಿದಿದೆ. ಅವರ ಕಾಲದಲ್ಲಿ ಆದ ತಪ್ಪು ಇಂದಿಗೂ ನಮ್ಮನ್ನು ಎಚ್ಚರಿಸುತ್ತದೆ.

ರಾಜಕಾರಣಿಯಾಗಿದ್ದ ನರರೋಗ ತಜ್ಞ

ಮೊನಿಜ್ ಹುಟ್ಟಿದ್ದು 1874ರ ನವೆಂಬರ್ 29ರಂದು, ಪೋರ್ಚುಗಲ್‌ನ ಅವಾಂಕ ಎಂಬ ಊರಿನಲ್ಲಿ. ಜಮೀನುದಾರರ ಮನೆತನ. ಹೆತ್ತವರು ಇಟ್ಟ ಹೆಸರು ಬೇರೆ. ಹಳೆಯ ಕಾಲದ ಪೋರ್ಚುಗೀಸ್ ವೀರನೊಬ್ಬನ ನೆನಪಿಗೆ ಎಗಾಸ್ ಮೊನಿಜ್ ಎಂಬ ಹೆಸರು ಮನೆಯ ಹಿರಿಯರಿಂದ ಬಂತು, ಅದೇ ಉಳಿಯಿತು.

ಕೊಯಿಂಬ್ರಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿದರು. ಆಮೇಲೆ ಫ್ರಾನ್ಸಿನ ಬೋರ್ಡೋ ಮತ್ತು ಪ್ಯಾರಿಸ್‌ನಲ್ಲಿ ನರರೋಗಗಳ ಅಧ್ಯಯನ ಮಾಡಿದರು. 1911ರಲ್ಲಿ ಲಿಸ್ಬನ್ ವಿಶ್ವವಿದ್ಯಾಲಯದಲ್ಲಿ ನರರೋಗ ವಿಭಾಗದ ಪ್ರಾಧ್ಯಾಪಕರಾದರು. 1944ರವರೆಗೆ ಆ ಹುದ್ದೆಯಲ್ಲಿ ಇದ್ದರು.

ಆದರೆ ಅವರ ಬದುಕಿನ ಹಲವು ವರ್ಷ ರಾಜಕೀಯದಲ್ಲಿ ಕಳೆಯಿತು. 1903ರಿಂದ ಹಲವು ವರ್ಷ ಸಂಸತ್ ಸದಸ್ಯರಾಗಿದ್ದರು. ಸ್ಪೇನ್‌ನಲ್ಲಿ ತಮ್ಮ ದೇಶದ ರಾಯಭಾರಿಯಾದರು. 1918ರಲ್ಲಿ ವಿದೇಶಾಂಗ ಸಚಿವರಾದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಪ್ಯಾರಿಸ್‌ನಲ್ಲಿ ನಡೆದ ಶಾಂತಿ ಸಮ್ಮೇಳನಕ್ಕೆ ಪೋರ್ಚುಗಲ್ ನಿಯೋಗದ ಮುಖ್ಯಸ್ಥರಾಗಿ ಹೋದರು. ಅಲ್ಲಿಂದ ಬಂದ ಮೇಲೆ ರಾಜಕೀಯ ಬಿಟ್ಟು ಆಸ್ಪತ್ರೆಗೆ ಮರಳಿದರು. ಅವರ ಹೆಸರು ಉಳಿಯುವಂತೆ ಮಾಡಿದ ಕೆಲಸ ಶುರುವಾಗುವಾಗ ಅವರಿಗೆ ಐವತ್ತು ದಾಟಿತ್ತು.

ಅವರಿಗೆ ಯೌವನದಿಂದಲೇ ಗೌಟ್ ಕಾಯಿಲೆ ಇತ್ತು. ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಾಗಿ ಕೀಲುಗಳಲ್ಲಿ ಹರಳುಗಟ್ಟಿ ಊದಿಕೊಂಡು ವಿಪರೀತ ನೋವು ಕೊಡುವ ಕಾಯಿಲೆ ಇದು. ಅವರ ಕೈಬೆರಳುಗಳು ಸೊಟ್ಟಗಾದವು. ಸೂಕ್ಷ್ಮ ಕೆಲಸವನ್ನು ಸ್ವತಃ ಮಾಡಲು ಆಗುತ್ತಿರಲಿಲ್ಲ. ಹಾಗಾಗಿ ಯುವ ಶಸ್ತ್ರವೈದ್ಯ ಪೆದ್ರೊ ಅಲ್ಮೇಡಾ ಲಿಮಾ ಅವರ ಕೈಯಾದರು.

ಕಿಡ್ನಿ ತೊಂದರೆ ಇರುವವರಲ್ಲಿ ಗೌಟ್ ಇಂದಿಗೂ ಸಾಮಾನ್ಯ. ನಿಮಗೂ ಇದ್ದರೆ ಒಂದು ಮಾತು ನೆನಪಿಡಿ. ಕೀಲು ನೋವಿಗೆ ಔಷಧಿ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಆಂಜಿಯೋಗ್ರಾಂ ಹತ್ತಿರವಿರುವಾಗ ಇವು ಇನ್ನಷ್ಟು ಅಪಾಯ. ನೋವಿಗೆ ಏನು ತೆಗೆದುಕೊಳ್ಳಬೇಕು ಎಂದು ನಿಮ್ಮ ಕಿಡ್ನಿ ವೈದ್ಯರನ್ನೇ ಕೇಳಿ.

ಯಾವ ದ್ರವ ಹಾಕಬೇಕು?

ಎಕ್ಸ್-ರೇಯಲ್ಲಿ ಮೂಳೆ ಬೆಳ್ಳಗೆ ಕಾಣುತ್ತದೆ. ರಕ್ತವೂ ಸುತ್ತಲಿನ ಮಾಂಸವೂ ಒಂದೇ ಬೂದು ಬಣ್ಣದಲ್ಲಿ ಕಾಣುತ್ತವೆ. ಆದ್ದರಿಂದ ರಕ್ತನಾಳ ಬೇರೆಯಾಗಿ ಕಾಣಬೇಕಾದರೆ ಅದರೊಳಗೆ ಎಕ್ಸ್-ರೇಯನ್ನು ತಡೆಯುವ ಏನನ್ನಾದರೂ ಹರಿಸಬೇಕು. ಇದನ್ನೇ ಕಾಂಟ್ರಾಸ್ಟ್ ಎನ್ನುತ್ತಾರೆ. ನಾವೆಲ್ಲ ಡೈ ಎನ್ನುವುದು ಇದನ್ನೇ. ಹೆಸರಿಗೆ ಡೈ ಆದರೂ ಇದು ಬಣ್ಣವಲ್ಲ, ನೀರಿನಂತೆ ತಿಳಿಯಾದ ದ್ರವ.

ಆ ಕಾಲದಲ್ಲಿ ಮೆದುಳಿನ ಗಡ್ಡೆ ಎಲ್ಲಿದೆ ಎಂದು ತಿಳಿಯುವುದು ಬಹಳ ಕಷ್ಟವಾಗಿತ್ತು. ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರವೈದ್ಯರು ತಲೆಬುರುಡೆಗೆ ರಂಧ್ರ ಮಾಡಿ ಮೆದುಳಿನ ಒಳಗಿನ ಕುಹರಗಳಿಗೆ ಗಾಳಿ ತುಂಬಿ ಎಕ್ಸ್-ರೇ ತೆಗೆಯುತ್ತಿದ್ದರು. ಮೊನಿಜ್ ಬೇರೆ ದಾರಿ ಯೋಚಿಸಿದರು. ಗಡ್ಡೆ ಬೆಳೆದಾಗ ಸುತ್ತಲಿನ ರಕ್ತನಾಳಗಳನ್ನು ಪಕ್ಕಕ್ಕೆ ತಳ್ಳುತ್ತದೆ. ಆ ನಾಳಗಳೇ ಕಂಡರೆ ಗಡ್ಡೆಯ ಜಾಗ ತಿಳಿಯುತ್ತದೆ ಎಂಬುದು ಅವರ ಲೆಕ್ಕ.

ಪ್ರಾಣಿಗಳ ಮೇಲೆ, ಆಮೇಲೆ ಶವಗಳ ಮೇಲೆ ಪ್ರಯೋಗ ಮಾಡಿ, ಎಷ್ಟು ಗಾಢವಾದ ದ್ರಾವಣ ಹಾಕಿದರೆ ನಾಳ ಕಾಣುತ್ತದೆ ಎಂದು ಅಳೆದರು. ಮೊದಲು ಆರಿಸಿಕೊಂಡದ್ದು ಸ್ಟ್ರಾನ್ಷಿಯಂ ಬ್ರೋಮೈಡ್. ರೋಗಿಗಳಲ್ಲಿ ಅದು ಕೈಕೊಟ್ಟಿತು. ಸರಿಯಾದ ಚಿತ್ರ ಬರಲಿಲ್ಲ, ಒಬ್ಬ ರೋಗಿ ತೀರಿಕೊಂಡರು. ಮೊನಿಜ್ ಆ ದ್ರಾವಣವನ್ನು ಕೈಬಿಟ್ಟು ಸೋಡಿಯಂ ಅಯೋಡೈಡ್‌ಗೆ ಬದಲಾದರು.

1927ರ ಜೂನ್ 28ರಂದು ಲಿಸ್ಬನ್‌ನಲ್ಲಿ, ಪಿಟ್ಯೂಟರಿ ಗ್ರಂಥಿಯ ಗಡ್ಡೆ ಇದ್ದ ಯುವಕನ ಕತ್ತಿನ ಕ್ಯಾರೋಟಿಡ್ ಧಮನಿಗೆ ಅಯೋಡೈಡ್ ದ್ರಾವಣವನ್ನು ಹಾಕಲಾಯಿತು. ಫಿಲ್ಮ್ ತೊಳೆದು ನೋಡಿದಾಗ ಮೆದುಳಿನ ಧಮನಿಗಳು ಕವಲು ಕವಲಾಗಿ ಕಂಡವು. ಬದುಕಿರುವ ಮನುಷ್ಯನ ಮೆದುಳಿನ ರಕ್ತನಾಳಗಳು ಸ್ಪಷ್ಟವಾಗಿ ಕಂಡದ್ದು ಅದೇ ಮೊದಲು. ಮರುತಿಂಗಳು ಪ್ಯಾರಿಸ್‌ನ ನರರೋಗ ತಜ್ಞರ ಸಭೆಯಲ್ಲಿ ಅವರು ಅದನ್ನು ಮಂಡಿಸಿದರು. ಎರಡು ವರ್ಷದಲ್ಲಿ, 1929ರಲ್ಲಿ, ಅದೇ ಲಿಸ್ಬನ್‌ನ ರೇನಾಲ್ಡೊ ಡೊಸ್ ಸ್ಯಾಂಟೋಸ್ ಹೊಟ್ಟೆಯ ಮಹಾಧಮನಿಯ ಚಿತ್ರವನ್ನೂ ತೆಗೆದರು.

ಅಯೋಡಿನ್ ಉಳಿಯಿತು, ಕಿಡ್ನಿಯ ಪ್ರಶ್ನೆಯೂ ಬಂತು

ಮೊನಿಜ್ ಆರಿಸಿದ ಅಯೋಡಿನ್ ಇಂದಿಗೂ ಉಳಿದಿದೆ. ಮಾದಾಪುರದ ಕ್ಯಾಥ್ ಲ್ಯಾಬ್‌ನಲ್ಲಾಗಲಿ, ನಿಮ್ಮ ಜಿಲ್ಲೆಯ ಸಿ.ಟಿ. ಸ್ಕ್ಯಾನ್ ಕೇಂದ್ರದಲ್ಲಾಗಲಿ ಸಾಮಾನ್ಯವಾಗಿ ಹಾಕುವುದು ಅಯೋಡಿನ್ ಇರುವ ಡೈ. ಆದರೆ ಆ ಕಾಲದ ಸೋಡಿಯಂ ಅಯೋಡೈಡ್ ಅಲ್ಲ. ರಕ್ತಕ್ಕಿಂತ ಹಲವು ಪಟ್ಟು ಸಾಂದ್ರವಾಗಿದ್ದ ಹಳೆಯ ಡೈಗಳು ನಾಳಗಳನ್ನು ಉರಿಸುತ್ತಿದ್ದವು. 1960ರ ದಶಕದ ಕೊನೆಯಲ್ಲಿ ಸ್ವೀಡನ್ನಿನ ಟೋರ್ಸ್ಟನ್ ಅಲ್ಮೇನ್ ಅವರ ಯೋಚನೆಯಿಂದ ಕಡಿಮೆ ಸಾಂದ್ರತೆಯ ಡೈಗಳು ಬಂದವು. ಈಗ ಬಳಕೆಯಲ್ಲಿರುವ ಅಯೋಹೆಕ್ಸಾಲ್ ಅಂಥದ್ದು. ಅಯೋಡಿಕ್ಸನಾಲ್ ಎಂಬುದು ರಕ್ತದಷ್ಟೇ ಸಾಂದ್ರತೆ ಇರುವಂಥದ್ದು.

ಈ ಡೈಗಳು ದೇಹದಿಂದ ಹೊರಹೋಗುವ ಮುಖ್ಯ ದಾರಿ ಕಿಡ್ನಿ. ಆರೋಗ್ಯವಂತರಲ್ಲಿ ಒಂದು ದಿನದೊಳಗೆ ಬಹುಪಾಲು ಮೂತ್ರದಲ್ಲಿ ಹೋಗಿಬಿಡುತ್ತದೆ. ಕಿಡ್ನಿ ಸೊರಗಿದ್ದರೆ ನಿಧಾನವಾಗುತ್ತದೆ. ಕೆಲವರಲ್ಲಿ ಪರೀಕ್ಷೆಯಾದ ಎರಡು ಮೂರು ದಿನಗಳಲ್ಲಿ ಕ್ರಿಯಾಟಿನಿನ್ ಏರುತ್ತದೆ. ಹೆಚ್ಚಿನವರಲ್ಲಿ ಒಂದೆರಡು ವಾರದಲ್ಲಿ ಅದು ಇಳಿಯುತ್ತದೆ. ಕೆಲವರಲ್ಲಿ ಮಾತ್ರ ಹಾನಿ ಉಳಿಯಬಹುದು.

ಈ ಅಪಾಯವನ್ನು ಹಿಂದೆ ಅತಿಯಾಗಿ ಲೆಕ್ಕ ಹಾಕಲಾಗಿತ್ತು ಎಂಬುದು ತಜ್ಞರ ಇತ್ತೀಚಿನ ಅಭಿಪ್ರಾಯ. ಕಿಡ್ನಿಯ ಸಾಮರ್ಥ್ಯವನ್ನು ತೋರಿಸುವ ಇಜಿಎಫ್‌ಆರ್ ಅಂಕಿ 30ಕ್ಕಿಂತ ಕೆಳಗಿರುವವರಿಗೆ, ಕಿಡ್ನಿಗೆ ಈಗಷ್ಟೇ ಹಠಾತ್ ಪೆಟ್ಟು ಬಿದ್ದವರಿಗೆ ಮುಖ್ಯವಾಗಿ ಎಚ್ಚರ ಬೇಕು. ಅಂಥವರಿಗೆ ಪರೀಕ್ಷೆಗೆ ಮುಂಚೆ ಮತ್ತು ನಂತರ ಸಲೈನ್ ಕೊಡುವುದು, ಡೈ ಪ್ರಮಾಣ ಕಡಿಮೆ ಮಾಡುವುದು ವಾಡಿಕೆ. ಹೃದಯಾಘಾತದಂಥ ತುರ್ತಿನಲ್ಲಿ ಕಿಡ್ನಿಗೆ ಹೆದರಿ ಆಂಜಿಯೋಗ್ರಾಂ ಬೇಡ ಎನ್ನಬೇಡಿ. ಅಲ್ಲಿ ತಡಮಾಡುವುದೇ ದೊಡ್ಡ ಅಪಾಯ.

ನೋವಿಲ್ಲದ ಬದಲಿಯ ಕಥೆ

ಮೊನಿಜ್ ಅವರ ಬದುಕಿನಲ್ಲಿ ನಾವು ಹೆಚ್ಚು ಗಮನ ಕೊಡಬೇಕಾದ ಭಾಗ ಇನ್ನು ಬರುತ್ತದೆ. ಸೋಡಿಯಂ ಅಯೋಡೈಡ್ ಹಾಕಿದಾಗ ರೋಗಿಗಳಿಗೆ ನೋವಾಗುತ್ತಿತ್ತು, ಕೆಲವರಿಗೆ ಫಿಟ್ಸ್ ಬರುತ್ತಿತ್ತು. ಬದಲಿ ಬೇಕಾಗಿತ್ತು. 1931ರಲ್ಲಿ ಮೊನಿಜ್ ಥೊರೊಟ್ರಾಸ್ಟ್ ಎಂಬ ಹೊಸ ಡೈಯನ್ನು ಬಳಸತೊಡಗಿದರು. ಅದರಲ್ಲಿ ಇದ್ದದ್ದು ಥೋರಿಯಂ ಡೈಆಕ್ಸೈಡ್. ನಮ್ಮ ಮದುವೆ, ಜಾತ್ರೆಗಳಲ್ಲಿ ಉರಿಯುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲ್‌ಗೆ ಹಚ್ಚುತ್ತಿದ್ದದ್ದೂ ಇದೇ ಥೋರಿಯಂ.

ಚಿತ್ರ ಬಹಳ ಸ್ಪಷ್ಟವಾಗಿ ಬಂತು. ನೋವಿಲ್ಲ, ಉರಿಯಿಲ್ಲ, ರೋಗಿ ಅಂದೇ ಚೆನ್ನಾಗಿರುತ್ತಿದ್ದರು. ಹಲವು ದೇಶಗಳ ಆಸ್ಪತ್ರೆಗಳು ಇದನ್ನು ಒಪ್ಪಿಕೊಂಡವು. ಥೋರಿಯಂ ವಿಕಿರಣ ಸೂಸುವ ಲೋಹ ಎಂದು ಆಗಲೇ ಗೊತ್ತಿತ್ತು, ಎಚ್ಚರಿಕೆ ಕೊಟ್ಟವರೂ ಇದ್ದರು. ಆದರೂ ಬಳಕೆ 1950ರ ದಶಕದವರೆಗೆ ನಡೆಯಿತು.

ತೊಂದರೆ ಇದ್ದದ್ದು ಹೊರದಾರಿಯಲ್ಲಿ. ಥೊರೊಟ್ರಾಸ್ಟ್ ಮೂತ್ರದಲ್ಲೂ ಹೋಗುತ್ತಿರಲಿಲ್ಲ, ಉಸಿರಿನಲ್ಲೂ ಹೋಗುತ್ತಿರಲಿಲ್ಲ. ಯಕೃತ್ತು, ಗುಲ್ಮ, ಮೂಳೆಮಜ್ಜೆಗಳಲ್ಲಿ ಕೂತುಬಿಡುತ್ತಿತ್ತು. ಅಲ್ಲಿಂದ ವರ್ಷಗಟ್ಟಲೆ ವಿಕಿರಣ ಸೂಸುತ್ತಿತ್ತು. ಇಪ್ಪತ್ತು ಮೂವತ್ತು ವರ್ಷಗಳ ನಂತರ ಆ ರೋಗಿಗಳಲ್ಲಿ ಅನೇಕರಿಗೆ ಯಕೃತ್ತಿನ ಕ್ಯಾನ್ಸರ್, ರಕ್ತದ ಕ್ಯಾನ್ಸರ್ ಕಾಣಿಸಿಕೊಂಡವು.

ಒಂದು ಡೈ ತೊಂದರೆ ಕೊಟ್ಟಿತು ಎಂದು ಇನ್ನೊಂದಕ್ಕೆ ಹೋದಾಗ, ಆ ಇನ್ನೊಂದನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪ್ರಶ್ನಿಸಬೇಕು. ಅದು ದೇಹದೊಳಗೆ ಎಲ್ಲಿಗೆ ಹೋಗುತ್ತದೆ? ಯಾವ ದಾರಿಯಲ್ಲಿ ಹೊರಗೆ ಬರುತ್ತದೆ? ನನ್ನ ದೇಹದಲ್ಲಿ ಆ ದಾರಿ ತೆರೆದಿದೆಯೇ? ಇಂದು ನಿಮ್ಮ ಮುಂದೆ ಇರುವ ಬದಲಿಗಳನ್ನು ಈ ಪ್ರಶ್ನೆಗಳಿಂದಲೇ ಅಳೆದು ನೋಡೋಣ.

ಇಂದಿನ ಬದಲಿಗಳು

ಕಾರ್ಬನ್ ಡೈಆಕ್ಸೈಡ್ ಅನಿಲ: ನಾವು ಉಸಿರಿನಲ್ಲಿ ಹೊರಬಿಡುವ ಅನಿಲವೇ ಇದು. ಇದನ್ನು ನಾಳದೊಳಗೆ ಬಿಟ್ಟಾಗ ಸ್ವಲ್ಪ ಹೊತ್ತು ರಕ್ತವನ್ನು ಪಕ್ಕಕ್ಕೆ ಸರಿಸುತ್ತದೆ. ಆ ಖಾಲಿ ಜಾಗವನ್ನು ಡಿಜಿಟಲ್ ಎಕ್ಸ್-ರೇ ಯಂತ್ರ ಚಿತ್ರವಾಗಿ ತೋರಿಸುತ್ತದೆ. 1970ರ ದಶಕದಿಂದ ಅಮೆರಿಕದ ಫ್ಲೋರಿಡಾದ ಡಾ. ಇರ್ವಿನ್ ಹಾಕಿನ್ಸ್ ಇದನ್ನು ಬೆಳೆಸಿದರು. ಈ ಅನಿಲ ರಕ್ತದಲ್ಲಿ ಆಮ್ಲಜನಕಕ್ಕಿಂತ 20 ಪಟ್ಟಿಗೂ ಹೆಚ್ಚು ಸುಲಭವಾಗಿ ಕರಗುತ್ತದೆ, ಶ್ವಾಸಕೋಶ ತಲುಪಿ ಉಸಿರಿನಲ್ಲಿ ಹೊರಹೋಗುತ್ತದೆ. ಕಿಡ್ನಿಗೆ ಕೆಲಸವಿಲ್ಲ, ಅಯೋಡಿನ್ ಅಲರ್ಜಿಯ ಭಯವೂ ಇಲ್ಲ. ಕಾಲಿನ ಧಮನಿಗಳು, ಹೊಟ್ಟೆಯ ಮಹಾಧಮನಿ, ಕಿಡ್ನಿಗೆ ಹೋಗುವ ಧಮನಿಗಳಿಗೆ ಇದು ಒಳ್ಳೆಯ ಆಯ್ಕೆ.

ಆದರೆ ಮೊನಿಜ್ ಮೊದಲು ನೋಡಿದ ಮೆದುಳಿನ ನಾಳಗಳಿಗೆ ಇದನ್ನು ಬಳಸುವಂತಿಲ್ಲ. ಅನಿಲದ ಗುಳ್ಳೆ ಮೆದುಳಿನ ಅಥವಾ ಹೃದಯದ ಧಮನಿಗೆ ಹೋದರೆ ರಕ್ತ ನಿಂತು ಅಪಾಯವಾಗುತ್ತದೆ. ಹೃದಯದ ಆಂಜಿಯೋಗ್ರಾಂಗೆ ಈ ಅನಿಲ ಹಾಕಿ ಎಂದು ಕೇಳಬೇಡಿ. ತೀವ್ರ ಶ್ವಾಸಕೋಶದ ಕಾಯಿಲೆ ಇದ್ದರೆ ಮೊದಲೇ ತಿಳಿಸಿ, ಏಕೆಂದರೆ ಇದರ ಹೊರದಾರಿ ಶ್ವಾಸಕೋಶ. ಇದಕ್ಕೆ ಬೇಕಾದ ಸಲಕರಣೆ ಮತ್ತು ಅನುಭವ ಎಲ್ಲ ಕಡೆ ಇರುವುದಿಲ್ಲ.

ಗ್ಯಾಡೊಲಿನಿಯಂ: ಇದು ಎಂ.ಆರ್.ಐ. ಸ್ಕ್ಯಾನ್‌ನಲ್ಲಿ ಹಾಕುವ ಡೈ. 1980ರ ದಶಕದ ಕೊನೆಯಲ್ಲಿ ಬಂದಾಗ ಕಿಡ್ನಿ ರೋಗಿಗಳಿಗೆ ಇದು ಸುರಕ್ಷಿತ ಬದಲಿ ಎಂದೇ ನಂಬಲಾಗಿತ್ತು. ಆಮೇಲೆ ಕೆಲವು ಕಿಡ್ನಿ ರೋಗಿಗಳ ಚರ್ಮ ಹಲಗೆಯಂತೆ ಗಡುಸಾಗಿ, ಕೀಲುಗಳು ಮಡಚಲಾಗದಂತೆ ಆದವು. 2006ರಲ್ಲಿ ಆ ಕಾಯಿಲೆಗೂ ಗ್ಯಾಡೊಲಿನಿಯಂಗೂ ಇರುವ ನಂಟು ಬಯಲಾಯಿತು. ಕಿಡ್ನಿ ಹೊರಹಾಕಲಾಗದೆ ಉಳಿದ ಲೋಹವೇ ಕಾರಣ. ಥೊರೊಟ್ರಾಸ್ಟ್‌ನಲ್ಲಿ ಕಂಡ ಪಾಠವೇ ಬೇರೆ ರೂಪದಲ್ಲಿ ಬಂದಂತಾಯಿತು. ಈ ಬಾರಿ ವೈದ್ಯಲೋಕ ಬೇಗ ಎಚ್ಚೆತ್ತಿತು. ಅಪಾಯ ಹೆಚ್ಚಿರುವ ಹಳೆಯ ಬಗೆಗಳನ್ನು ಇಜಿಎಫ್‌ಆರ್ 30ಕ್ಕಿಂತ ಕಡಿಮೆ ಇರುವವರಿಗೆ ಬಳಸಬಾರದೆಂದಾಯಿತು. ಲೋಹವನ್ನು ಬಿಗಿಯಾಗಿ ಹಿಡಿದಿಡುವ ಹೊಸ ಬಗೆಗಳಲ್ಲಿ ಆ ಕಾಯಿಲೆ ತೀರ ಅಪರೂಪ. ಡಯಾಲಿಸಿಸ್ ಮಾಡಿಸಿಕೊಳ್ಳುತ್ತಿದ್ದರೆ, ಡಯಾಲಿಸಿಸ್ ಸರದಿಗೆ ಸ್ವಲ್ಪ ಮುಂಚೆ ಈ ಸ್ಕ್ಯಾನ್ ಇಟ್ಟುಕೊಳ್ಳುತ್ತಾರೆ.

ಫೆರುಮಾಕ್ಸಿಟಾಲ್: ಕಿಡ್ನಿ ರೋಗಿಗಳ ರಕ್ತಹೀನತೆಗೆಂದು ಬಂದ ಕಬ್ಬಿಣದ ಚುಚ್ಚುಮದ್ದು. ಎಂ.ಆರ್.ಐ.ಯಲ್ಲಿ ರಕ್ತನಾಳಗಳನ್ನು ಚೆನ್ನಾಗಿ ತೋರಿಸುವುದರಿಂದ ವಿದೇಶಗಳ ಕೆಲವು ಕೇಂದ್ರಗಳಲ್ಲಿ ಡೈ ಆಗಿಯೂ ಬಳಸುತ್ತಾರೆ. ಇದು ಕಿಡ್ನಿಯಿಂದ ಹೊರಹೋಗುವುದಿಲ್ಲ. ದೇಹ ಇದರ ಕಬ್ಬಿಣವನ್ನು ತನ್ನ ದಾಸ್ತಾನಿಗೆ ಸೇರಿಸಿಕೊಳ್ಳುತ್ತದೆ. ಆದರೆ ಅಪರೂಪಕ್ಕೆ ಪ್ರಾಣಕ್ಕೆ ಕುತ್ತಾಗುವ ಅಲರ್ಜಿ ಆಗಬಹುದು. ಆದ್ದರಿಂದ ನಿಧಾನವಾಗಿ, ನಿಗಾ ಇಟ್ಟು ಕೊಡಬೇಕು.

ಡೈ ಇಲ್ಲದ ಪರೀಕ್ಷೆಗಳು: ಡಾಪ್ಲರ್ ಅಲ್ಟ್ರಾಸೌಂಡ್‌ಗೆ ಡೈಯೂ ಬೇಡ, ವಿಕಿರಣವೂ ಇಲ್ಲ. ಡಯಾಲಿಸಿಸ್ ಫಿಸ್ಟುಲಾ, ಕಾಲಿನ ನಾಳ, ಕತ್ತಿನ ಕ್ಯಾರೋಟಿಡ್ ನೋಡಲು ಸಾಮಾನ್ಯವಾಗಿ ಇದೇ ಮೊದಲ ಪರೀಕ್ಷೆ. ಡೈ ಇಲ್ಲದೆ ಎಂ.ಆರ್. ಆಂಜಿಯೋಗ್ರಾಂ ಮಾಡುವ ವಿಧಾನಗಳೂ ಇವೆ. ಮೆದುಳಿನ ನಾಳಗಳಿಗೆ ಅವು ಚೆನ್ನಾಗಿ ಒದಗುತ್ತವೆ.

ಹೃದಯದ ಧಮನಿಗಳಿಗೆ ಮಾತ್ರ ಇಂದಿಗೂ ಅಯೋಡಿನ್ ಡೈಯೇ ಮುಖ್ಯ. ಅಲ್ಲಿ ಬದಲಿ ಎಂದರೆ ಪ್ರಮಾಣ ತಗ್ಗಿಸುವುದು. ನಾಳದೊಳಗೆ ಹೋಗುವ ಪುಟ್ಟ ಅಲ್ಟ್ರಾಸೌಂಡ್ ತಂತಿಯ ನೆರವಿನಿಂದ ಬಹಳ ಕಡಿಮೆ ಡೈಯಲ್ಲಿ ಸ್ಟೆಂಟ್ ಹಾಕುವ ವೈದ್ಯರಿದ್ದಾರೆ.

ನೊಬೆಲ್ ಬಂದದ್ದು ಬೇರೆಯದಕ್ಕೆ

ಮೊನಿಜ್ ಹೆಸರನ್ನು ಆಂಜಿಯೋಗ್ರಾಂಗಾಗಿ ನೊಬೆಲ್‌ಗೆ ಸೂಚಿಸಲಾಗಿತ್ತು, ಬರಲಿಲ್ಲ. 1935ರಲ್ಲಿ ಅವರು ತೀವ್ರ ಮಾನಸಿಕ ಕಾಯಿಲೆ ಇರುವವರ ಮೆದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ ಶುರುಮಾಡಿದರು. ಇಲ್ಲಿಯೂ ಕೈ ಅಲ್ಮೇಡಾ ಲಿಮಾ ಅವರದು. 1949ರಲ್ಲಿ ಆ ಶಸ್ತ್ರಚಿಕಿತ್ಸೆಗೆ ನೊಬೆಲ್ ಬಂತು, ಸ್ವಿಟ್ಜರ್ಲೆಂಡ್‌ನ ವಾಲ್ಟರ್ ಹೆಸ್ ಅವರೊಂದಿಗೆ ಹಂಚಿಕೆಯಾಗಿ. ಔಷಧಿಗಳು ಬಂದ ಮೇಲೆ ಆ ಶಸ್ತ್ರಚಿಕಿತ್ಸೆ ಮೂಲೆಗೆ ಸರಿಯಿತು. ಅದರಿಂದ ವ್ಯಕ್ತಿತ್ವವೇ ಮಂಕಾದ ರೋಗಿಗಳ ಕುಟುಂಬದವರು ಆ ಪ್ರಶಸ್ತಿಯನ್ನು ಹಿಂಪಡೆಯಬೇಕೆಂದು ಒತ್ತಾಯಿಸಿದ್ದೂ ಉಂಟು. ಅಲ್ಲಿಯೂ ಮೊದಲ ಫಲಿತಾಂಶಗಳನ್ನು ನಂಬಿ ಬೇಗ ಮುಂದೆ ಹೋದದ್ದು, ರೋಗಿಗಳನ್ನು ದೀರ್ಘಕಾಲ ಗಮನಿಸದೆ ಹೋದದ್ದು ಮುಖ್ಯ ಕೊರತೆ.

1939ರಲ್ಲಿ ರೋಗಿಯೊಬ್ಬ ಅವರ ಮೇಲೆ ಗುಂಡು ಹಾರಿಸಿದ. ಅವರು ಬದುಕುಳಿದು ಕೆಲಸ ಮುಂದುವರಿಸಿದರು. 1955ರ ಡಿಸೆಂಬರ್ 13ರಂದು ಲಿಸ್ಬನ್‌ನಲ್ಲಿ ತೀರಿಕೊಂಡರು. ಅವಾಂಕದ ಅವರ ಮನೆ ಈಗ ವಸ್ತುಸಂಗ್ರಹಾಲಯ. ಅವರ ಶಸ್ತ್ರಚಿಕಿತ್ಸೆ ಇಂದು ಉಳಿದಿಲ್ಲ, ಅವರ ಆಂಜಿಯೋಗ್ರಾಂ ಮಾತ್ರ ಜಗತ್ತಿನ ಎಲ್ಲ ದೊಡ್ಡ ಆಸ್ಪತ್ರೆಗಳಲ್ಲಿ ದಿನವೂ ನಡೆಯುತ್ತಿದೆ.

ಮಾದಾಪುರಕ್ಕೆ ಹೊರಡುವ ಮುಂಚೆ

ದೂರದ ಊರಿನಿಂದ ಹೋಗುವವರು ಈ ಕೆಲವು ಸಿದ್ಧತೆ ಮಾಡಿಕೊಳ್ಳಿ.

• ಕಳೆದ ಕೆಲವು ತಿಂಗಳ ಕ್ರಿಯಾಟಿನಿನ್ ಮತ್ತು ಇಜಿಎಫ್‌ಆರ್ ವರದಿಗಳನ್ನು ದಿನಾಂಕದ ಪ್ರಕಾರ ಜೋಡಿಸಿ ಒಯ್ಯಿರಿ. ಒಂದೇ ವರದಿಗಿಂತ ಅಂಕಿ ಏರುತ್ತಿದೆಯೇ, ನಿಂತಿದೆಯೇ ಎಂಬುದು ವೈದ್ಯರಿಗೆ ಮುಖ್ಯ.

• ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಮಾಡಿ. ನಾಟಿ ಔಷಧಿ, ನೋವಿನ ಮಾತ್ರೆಗಳನ್ನೂ ಸೇರಿಸಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ನಿಲ್ಲಿಸಬೇಕೇ, ಮತ್ತೆ ಯಾವಾಗ ಶುರುಮಾಡಬೇಕು ಎಂದು ಕೇಳಿ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ.

• ಹಿಂದೆ ಡೈ ಹಾಕಿದಾಗ ಮೈ ಕೆರೆತ, ಉಸಿರುಕಟ್ಟು ಆಗಿದ್ದರೆ ಹೇಳಿ. ಡಯಾಲಿಸಿಸ್ ಇದ್ದರೂ ಇನ್ನೂ ಮೂತ್ರ ಬರುತ್ತಿದ್ದರೆ ಅದನ್ನೂ ಹೇಳಿ. ಉಳಿದಿರುವ ಆ ಸ್ವಲ್ಪ ಸಾಮರ್ಥ್ಯವನ್ನು ಕಾಪಾಡುವುದು ಮುಖ್ಯ.

• ನೀರು ಹೆಚ್ಚು ಕುಡಿಯಿರಿ ಎಂಬ ಸಲಹೆ ಎಲ್ಲರಿಗೂ ಅಲ್ಲ. ಹೃದಯ ದುರ್ಬಲವಾಗಿರುವವರಿಗೆ, ಡಯಾಲಿಸಿಸ್ ಇರುವವರಿಗೆ ನೀರಿನ ಮಿತಿ ಇರುತ್ತದೆ. ನಿಮ್ಮ ಮಿತಿ ಎಷ್ಟೆಂದು ವೈದ್ಯರಿಂದಲೇ ಕೇಳಿ ತಿಳಿಯಿರಿ.

• ಒಪ್ಪಿಗೆ ಪತ್ರ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇರಬಹುದು. ಅರ್ಥವಾಗದೆ ಸಹಿ ಹಾಕಬೇಡಿ. ಓದಿ ಹೇಳುವವರನ್ನು ಕರೆಸಿ ಎಂದು ಕೇಳುವುದು ನಿಮ್ಮ ಹಕ್ಕು.

• ವೈದ್ಯರನ್ನು ಈ ನಾಲ್ಕು ಪ್ರಶ್ನೆ ಕೇಳಿ. ಯಾವ ನಾಳವನ್ನು ನೋಡಬೇಕಾಗಿದೆ? ಡೈ ಇಲ್ಲದ ಪರೀಕ್ಷೆಯಿಂದ ಉತ್ತರ ಸಿಗುತ್ತದೆಯೇ? ಹಾಕುವ ಡೈ ನನ್ನ ದೇಹದಿಂದ ಹೇಗೆ ಹೊರಹೋಗುತ್ತದೆ? ಆ ಜಾಗಕ್ಕೆ ಕಾರ್ಬನ್ ಡೈಆಕ್ಸೈಡ್ ಬಳಸಬಹುದೇ, ಅದರ ಅನುಭವ ಇಲ್ಲಿದೆಯೇ?

• ಊರಿಗೆ ಮರಳಿದ ಮೇಲೆ, ವೈದ್ಯರು ಹೇಳಿದ ದಿನ, ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ, ಕ್ರಿಯಾಟಿನಿನ್ ಮತ್ತೆ ಪರೀಕ್ಷಿಸಿ. ಇದನ್ನು ನಿಮ್ಮ ತಾಲ್ಲೂಕಿನ ಲ್ಯಾಬ್‌ನಲ್ಲೇ ಮಾಡಿಸಬಹುದು. ಮೂತ್ರ ಕಡಿಮೆಯಾದರೆ, ಕಾಲು ಊದಿದರೆ, ಉಸಿರಾಟ ಕಷ್ಟವಾದರೆ ಆ ದಿನಕ್ಕಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.

ಈ ಬರಹ ತಿಳುವಳಿಕೆಗಾಗಿ ಮಾತ್ರ. ನಿಮಗೆ ಯಾವ ಪರೀಕ್ಷೆ, ಯಾವ ಡೈ ಎಂಬುದನ್ನು ನಿಮ್ಮ ಕಿಡ್ನಿ ವೈದ್ಯರು ಮತ್ತು ಆಂಜಿಯೋಗ್ರಾಂ ಮಾಡುವ ವೈದ್ಯರು ಒಟ್ಟಿಗೆ ಮಾತನಾಡಿ ತೀರ್ಮಾನಿಸುವುದು ಎಲ್ಲಕ್ಕಿಂತ ಒಳ್ಳೆಯದು. ಇಬ್ಬರೂ ಬೇರೆ ಬೇರೆ ಊರಿನಲ್ಲಿದ್ದರೆ, ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ತಲುಪಿಸಿ, ಅವರ ನಡುವೆ ಮಾತು ನಡೆಯುವಂತೆ ನೋಡಿಕೊಳ್ಳಿ.